ಅಮ್ಮನ ಆಸ್ಪತ್ರೆ ಖಾತೆಯ ಪಾಸ್‌ವರ್ಡ್ ಮರೆತಿದೆ, ರೀಸೆಟ್ ಮೇಲ್ ಬರ್ತಾನೇ ಇಲ್ಲ

ಸಂಜೆಮಲ್ಲಿಗೆ, ರಾತ್ರಿ 8:41

ನಾಳೆ ಬೆಳಿಗ್ಗೆ 10 ಗಂಟೆಗೆ ಅಮ್ಮನನ್ನು ಬೇರೆ ಆಸ್ಪತ್ರೆಯ ಹೊಸ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಹಿಂದಿನ ಎರಡು ವರ್ಷದ ಥೈರಾಯ್ಡ್ ಮತ್ತು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ರಿಪೋರ್ಟ್ ಎಲ್ಲಾ ತನ್ನಿ ಅಂದಿದ್ದಾರೆ. ಅವೆಲ್ಲ ಹಳೇ ಆಸ್ಪತ್ರೆಯ ಆನ್‌ಲೈನ್ ಖಾತೆಯಲ್ಲಿವೆ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ.

ಐದು ಸಲ ಏನೇನೋ ಹಾಕಿ ನೋಡಿದೆ. ಖಾತೆ ಲಾಕ್ ಆಗಿದೆ, 30 ನಿಮಿಷ ಬಿಟ್ಟು ಬನ್ನಿ ಅಂತು. ಸರಿ ಅಂತ "ಪಾಸ್‌ವರ್ಡ್ ಮರೆತಿರಾ?" ಒತ್ತಿ ನನ್ನ ಮೇಲ್ ಐಡಿ ಕೊಟ್ಟೆ. ಲಿಂಕ್ ಬರಲಿಲ್ಲ. ಮತ್ತೆ ಒತ್ತಿದೆ. ಇದುವರೆಗೆ ಏಳು ಸಲ ಆಯ್ತು. ಸ್ಪ್ಯಾಮ್ ನೋಡಿದೆ, ಪ್ರಮೋಷನ್ಸ್ ನೋಡಿದೆ, ಅಳಿಸಿದ ಮೇಲ್‌ಗಳನ್ನೂ ಕೆದಕಿದೆ. ಏನೂ ಇಲ್ಲ. ಅಮ್ಮ ಪಕ್ಕದಲ್ಲಿ ಕೂತು "ಬಿಡು, ನನಗೆ ಎಲ್ಲಾ ನೆನಪಿದೆ, ನಾನೇ ಹೇಳ್ತೀನಿ" ಅಂತಿದ್ದಾರೆ. ಕ್ರಿಯಾಟಿನಿನ್ ಎಷ್ಟಿತ್ತು ಅಂತ ಬಾಯಿಲೆಕ್ಕದಲ್ಲಿ ಹೇಳೋಕಾಗತ್ತಾ? ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ.

ಗಡಿಬಿಡಿ, ರಾತ್ರಿ 8:46

ಸುಮ್ನೆ ಇನ್ನೊಂದು ಹೊಸ ಖಾತೆ ಮಾಡಿಬಿಡಿ ಅಕ್ಕ. ಎರಡು ನಿಮಿಷದ ಕೆಲಸ.

ಕೌಂಟರ್‌ನಾಚೆ, ರಾತ್ರಿ 8:52

ದಯವಿಟ್ಟು ಹೊಸ ಖಾತೆ ಬೇಡ. ನಾನು ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಹನ್ನೊಂದು ವರ್ಷ ಕೂತವಳು. ಅಲ್ಲಿ ನಮಗೆ ದಿನಾ ತಲೆನೋವು ಕೊಡುತ್ತಿದ್ದದ್ದೇ ಇದು.

ಹೊಸದಾಗಿ ನೋಂದಣಿ ಮಾಡಿದರೆ ಎಷ್ಟೋ ಕಡೆ ಹೊಸ ರೋಗಿ ಸಂಖ್ಯೆಯೇ ಹುಟ್ಟಿಕೊಳ್ಳುತ್ತದೆ. ಒಳಗೆ ಹೋದರೆ ಖಾಲಿ. ಹಳೇ ರಿಪೋರ್ಟ್ ಹಳೇ ನಂಬರಿನಲ್ಲೇ ಇರುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಒಬ್ಬರೇ ವ್ಯಕ್ತಿಗೆ ಎರಡು ಫೈಲ್ ಆಗುತ್ತದಲ್ಲ, ಒಂದರಲ್ಲಿ "ಈ ಔಷಧಿ ಅಲರ್ಜಿ" ಅಂತ ಬರೆದಿರುತ್ತದೆ, ಮುಂದಿನ ಸಲ ಡಾಕ್ಟರು ತೆರೆಯುವುದು ಇನ್ನೊಂದನ್ನು. ಅಪಾಯ ಇರುವುದು ಅಲ್ಲಿ. ಎರಡನ್ನೂ ಸೇರಿಸುವುದಕ್ಕೆ ಒಬ್ಬರು ಕೂತು ಒಂದೊಂದೇ ಹಾಳೆ ತಾಳೆ ನೋಡಬೇಕು.

ಸಂಜೆಮಲ್ಲಿಗೆ, ಮೊದಲು ಸಮಾಧಾನ ಮಾಡಿಕೊಳ್ಳಿ. ಖಾತೆ ತೆರೆಯದೇ ಹೋದರೂ ರಿಪೋರ್ಟ್ ಎಲ್ಲೂ ಹೋಗಿಲ್ಲ. ಅದು ಆಸ್ಪತ್ರೆಯ ಕಂಪ್ಯೂಟರಿನಲ್ಲಿದೆ, ಆನ್‌ಲೈನ್ ಖಾತೆ ಅದನ್ನು ನೋಡುವ ಒಂದು ಕಿಟಕಿ ಅಷ್ಟೇ. ಬೆಳಿಗ್ಗೆ ಲ್ಯಾಬ್ ಕೌಂಟರ್ ತೆರೆದ ತಕ್ಷಣ ಅಮ್ಮನ ಗುರುತಿನ ಚೀಟಿ ತೆಗೆದುಕೊಂಡು ಅವರ ಜೊತೆಗೇ ಹೋಗಿ. ಪ್ರಿಂಟ್ ಕೊಡುತ್ತಾರೆ. ಹಳೇ ಬಿಲ್ಲೋ ಚೀಟಿಯೋ ಒಂದು ಸಿಕ್ಕರೆ ಅದರ ಮೇಲೆ ರೋಗಿ ಸಂಖ್ಯೆ ಇರುತ್ತದೆ. ಅದಿದ್ದರೆ ಅರ್ಧ ಕೆಲಸ ಆದಂತೆ.

ಹಳೇಕೀಲಿ, ರಾತ್ರಿ 8:58

ಕೌಂಟರ್‌ನಾಚೆ ಅವರು ಹೇಳಿದ್ದು ಎರಡನೇ ದಾರಿಯಾಗಿ ಇಟ್ಟುಕೊಳ್ಳಿ. ರಾತ್ರಿಯೇ ಆಗುತ್ತಾ ನೋಡೋಣ.

ಒಂದು, ಇನ್ನು ಆ ಬಟನ್ ಒತ್ತಬೇಡಿ. ಪ್ರತಿ ಸಲ ಒತ್ತಿದಾಗ ಹಿಂದಿನ ಲಿಂಕ್ ಸಾಮಾನ್ಯವಾಗಿ ಸತ್ತುಹೋಗುತ್ತದೆ. ಏಳೂ ಒಟ್ಟಿಗೆ ಬಂದರೂ ಕೊನೆಯದು ಮಾತ್ರ ಕೆಲಸ ಮಾಡುತ್ತದೆ, ನೀವು ಮೊದಲು ಕೈಗೆ ಸಿಕ್ಕಿದ್ದನ್ನು ತೆರೆದು "ಅವಧಿ ಮುಗಿದಿದೆ" ನೋಡಿ ಅಳ್ತೀರಿ.

ಎರಡು, ಬಟನ್ ಒತ್ತಿದ ಮೇಲೆ ತೆರೆಯ ಮೇಲೆ ಏನು ಬರೆದಿದೆ? ಅಕ್ಷರಕ್ಕೆ ಅಕ್ಷರ ಹೇಳಿ. ನಿಮ್ಮ ಮಾತಿನಲ್ಲಿ ಬೇಡ.

ಸಂಜೆಮಲ್ಲಿಗೆ, ರಾತ್ರಿ 9:01

"ಈ ವಿಳಾಸದಲ್ಲಿ ಖಾತೆ ಇದ್ದರೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಕಳುಹಿಸಲಾಗಿದೆ." ಹಸಿರು ಟಿಕ್ ಕೂಡ ಇದೆ. ಅದಕ್ಕೇ ಮೇಲ್ ಹೊರಟಿದೆ ಅಂದುಕೊಂಡೆ.

ಕೋಡ್‌ಗೂಬೆ, ರಾತ್ರಿ 9:09

"ಇದ್ದರೆ" ಅನ್ನೋದನ್ನು ಇನ್ನೊಂದು ಸಲ ಓದಿ.

ನಾನು ಇಂಥ ಲಾಗಿನ್ ಪುಟಗಳನ್ನು ಮಾಡುವವನು. ಆ ವಾಕ್ಯವನ್ನು ಬೇಕಂತಲೇ ಹಾಗೆ ಬರೆಯುತ್ತೇವೆ. ಖಾತೆ ಇದ್ದರೂ ಅದೇ ಮಾತು, ಇಲ್ಲದಿದ್ದರೂ ಅದೇ ಮಾತು, ಅದೇ ಹಸಿರು ಟಿಕ್. ಯಾಕೆ ಗೊತ್ತಾ? "ಈ ಮೇಲ್‌ಗೆ ಇಲ್ಲಿ ಖಾತೆ ಇಲ್ಲ" ಅಂತ ನೇರವಾಗಿ ಹೇಳಿದರೆ, ಯಾರು ಬೇಕಾದರೂ ಯಾರದ್ದೋ ಮೇಲ್ ಐಡಿ ಹಾಕಿ ಅವರು ಅಲ್ಲಿ ಚಿಕಿತ್ಸೆ ಪಡೀತಿದ್ದಾರಾ ಇಲ್ವಾ ಅಂತ ಪತ್ತೆ ಮಾಡಬಹುದು. ಬಟ್ಟೆ ಮಾರುವ ಸೈಟ್ ಆದರೆ ಅದರಲ್ಲಿ ದೊಡ್ಡ ಗುಟ್ಟೇನಿಲ್ಲ. ಮಾನಸಿಕ ಆರೋಗ್ಯ ಕೇಂದ್ರ ಅಂದುಕೊಳ್ಳಿ, ಬಂಜೆತನದ ಚಿಕಿತ್ಸೆ ಕೊಡುವ ಕ್ಲಿನಿಕ್ ಅಂದುಕೊಳ್ಳಿ. ಖಾತೆ ಇದೆ ಅನ್ನೋ ಒಂದೇ ಸಂಗತಿ ಸಾಕು, ಹಾಳು ಮಾಡೋಕೆ.

ಸ್ಪ್ಯಾಮ್‌ನಲ್ಲೂ ಇಲ್ಲ, ಏಳು ಸಲಕ್ಕೂ ಬಂದಿಲ್ಲ ಅಂದರೆ ನನ್ನ ಅಂದಾಜು ಒಂದೇ: ಖಾತೆ ನಿಮ್ಮ ಮೇಲ್‌ನಲ್ಲಿ ಇಲ್ಲವೇ ಇಲ್ಲ. ಮೇಲ್ ಬರದೇ ಇರೋದೇ ನಿಮಗೆ ಬಂದ ಉತ್ತರ.

ಸಂಜೆಮಲ್ಲಿಗೆ, ರಾತ್ರಿ 9:13

ಅಯ್ಯೋ. ಮತ್ತೆ ಯಾವ ಮೇಲ್? ಅಮ್ಮನಿಗೆ ಮೇಲ್ ಐಡಿಯೇ ಇಲ್ಲ. ಮಾಡಿಕೊಟ್ಟಿದ್ದು ನಾನೇ ಅಂತ ಎರಡು ವರ್ಷದಿಂದ ನಂಬಿಕೊಂಡಿದ್ದೆ.

ಹಳೇಕೀಲಿ, ರಾತ್ರಿ 9:20

ಸರಿ, ಹುಡುಕೋಣ. ಖಾತೆ ತೆರೆದ ದಿನ "ಸ್ವಾಗತ" ಅಂತ ಒಂದು ಮೇಲ್ ಬಂದಿರುತ್ತದೆ. ಆಮೇಲೆ "ನಿಮ್ಮ ಹೊಸ ರಿಪೋರ್ಟ್ ಸಿದ್ಧವಾಗಿದೆ", "ನಾಳೆ ನಿಮ್ಮ ಭೇಟಿ ಇದೆ" ಅಂತ ಬರುತ್ತಲೇ ಇರುತ್ತವೆ. ಅವು ಯಾವ ಪೆಟ್ಟಿಗೆಗೆ ಬಿದ್ದಿವೆಯೋ ಖಾತೆ ಅಲ್ಲಿದೆ. ನಿಮ್ಮ ಎಲ್ಲಾ ಮೇಲ್‌ಗಳಲ್ಲೂ ಆಸ್ಪತ್ರೆಯ ಹೆಸರು ಹಾಕಿ ಹುಡುಕಿ, ಹಳೇ ಆಫೀಸಿನದು, ಕಾಲೇಜಿನದು ಎಲ್ಲಾ. ಮನೆಯವರಿಗೂ ಹುಡುಕಲು ಹೇಳಿ.

ಇನ್ನೊಂದು ಕಡೆ ನೋಡೋದನ್ನು ಜನ ಮರೀತಾರೆ. ಹಳೇ ಲ್ಯಾಪ್‌ಟಾಪ್, ಹಳೇ ಫೋನ್ ಇದೆಯಾ? ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿ ಇರುತ್ತದೆ. ಅಲ್ಲಿ ಸಿಕ್ಕರೆ ರೀಸೆಟ್ಟೇ ಬೇಡ. ಪಾಸ್‌ವರ್ಡ್ ಇಲ್ಲದಿದ್ದರೂ ಬಳಕೆದಾರರ ಹೆಸರಾದರೂ ಸಿಗುತ್ತದೆ.

ಗಡಿಬಿಡಿ, ರಾತ್ರಿ 9:22

ಅಕ್ಕ, ಗೂಗಲ್‌ನಲ್ಲಿ ಹುಡುಕಿದರೆ ಆಸ್ಪತ್ರೆಗಳ ಹೆಲ್ಪ್‌ಲೈನ್ ನಂಬರ್ ಬೇಕಾದಷ್ಟು ಸಿಗ್ತವೆ. 24 ಗಂಟೆ ಅಂತ ಬರೆದಿರ್ತಾರೆ. ಫೋನ್ ಮಾಡಿ ರೀಸೆಟ್ ಮಾಡಿಸಿಕೊಳ್ಳಿ.

ಸಂಜೆಮಲ್ಲಿಗೆ, ರಾತ್ರಿ 9:38

ಮಾಡಿದೆ. ಈಗ ಕೈ ನಡುಗ್ತಿದೆ.

ಹುಡುಕಾಟದಲ್ಲಿ ಮೊದಲು ಸಿಕ್ಕ ನಂಬರಿಗೆ ಮಾಡಿದೆ. ಒಂದೇ ರಿಂಗ್‌ಗೆ ಎತ್ತಿದರು. ಅಲ್ಲೇ ಅನುಮಾನ ಬರಬೇಕಿತ್ತು, ಯಾವ ಆಸ್ಪತ್ರೆಯವರು ಒಂದೇ ರಿಂಗ್‌ಗೆ ಎತ್ತುತ್ತಾರೆ? ಬಹಳ ಮರ್ಯಾದೆಯಿಂದ ಮಾತಾಡಿದ. ಅಮ್ಮನ ಹೆಸರು ಕೇಳಿದ. "ನಿಮ್ಮ ಖಾತೆ ಬ್ಲಾಕ್ ಆಗಿದೆ ಮೇಡಂ, ಒಂದು ಆಪ್ ಹಾಕಿಕೊಳ್ಳಿ, ನಾನು ಇಲ್ಲಿಂದಲೇ ಸರಿ ಮಾಡ್ತೀನಿ" ಅಂದ. ಆಪ್ ಹೆಸರು ನೋಡಿದರೆ ತೆರೆ ಹಂಚಿಕೊಳ್ಳೋ ಆಪ್. ನಾನು ತಡವರಿಸಿದೆ. ಹಾಗಾದರೆ ಒಂದು ಓಟಿಪಿ ಬರುತ್ತೆ, ಅದನ್ನಾದರೂ ಓದಿ ಅಂದ. ಓಟಿಪಿ ಬಂತು, ಬಂದದ್ದು ನನ್ನ ಬ್ಯಾಂಕಿನಿಂದ! ಅದರಲ್ಲೇ "ಯಾರಿಗೂ ಹೇಳಬೇಡಿ" ಅಂತ ಬರೆದಿತ್ತು. ಫೋನ್ ಇಟ್ಟುಬಿಟ್ಟೆ.

ಕೋಡ್‌ಗೂಬೆ, ರಾತ್ರಿ 9:44

ಇಟ್ಟಿದ್ದು ಒಳ್ಳೇದಾಯ್ತು. ಆಪ್ ಹಾಕಿಲ್ಲ, ಓಟಿಪಿ ಓದಿಲ್ಲ ಅಂದರೆ ಅವನಿಗೆ ಸಿಕ್ಕಿದ್ದು ಹೆಸರು ಮತ್ತು ನಿಮ್ಮ ನಂಬರ್. ಆದರೂ ನೀವು ಕೇಳದೇ ಬ್ಯಾಂಕಿನ ಓಟಿಪಿ ಬಂದಿದೆ, ಯಾರೋ ನಿಮ್ಮ ನಂಬರ್ ಹಾಕಿ ಪ್ರಯತ್ನ ಮಾಡಿದ್ದಾರೆ. ಬ್ಯಾಂಕಿಗೆ ಈಗಲೇ ತಿಳಿಸಿ, ಕಾರ್ಡಿನ ಹಿಂದೆ ಇರುವ ನಂಬರಿಗೆ ಮಾಡಿ. ಹುಡುಕಿ ಸಿಕ್ಕಿದ್ದಕ್ಕಲ್ಲ.

ಗಡಿಬಿಡಿ ಅವರೇ, ನೀವು ಒಳ್ಳೇ ಮನಸ್ಸಿನಿಂದ ಹೇಳಿದ್ದೀರಿ, ಗೊತ್ತು. ಆದರೆ ಗಾಬರಿಯಲ್ಲಿರುವ ಜನ ಹುಡುಕೋದು "ಹೆಲ್ಪ್‌ಲೈನ್" ಅಂತಲೇ. ಮೋಸಗಾರರು ಬಲೆ ಹಾಕೋದೂ ಅಲ್ಲೇ. ನಂಬರ್ ಬೇಕಾದರೆ ಕೈಯಲ್ಲಿರುವ ಹಳೇ ಬಿಲ್, ರಿಪೋರ್ಟ್, ಅಪಾಯಿಂಟ್‌ಮೆಂಟ್ ಚೀಟಿ ನೋಡಿ ತಗೊಳ್ಳಿ.

ಗಡಿಬಿಡಿ, ರಾತ್ರಿ 9:47

ತಪ್ಪಾಯ್ತು ಅಕ್ಕ. ಇನ್ಮೇಲೆ ಬಾಯಿ ಮುಚ್ಚಿಕೊಂಡು ಓದ್ತೀನಿ.

ಸಂಜೆಮಲ್ಲಿಗೆ, ರಾತ್ರಿ 9:58

ಬಿಡಿ, ಮಾಡಿದ್ದು ನಾನು. ಬ್ಯಾಂಕಿಗೆ ಹೇಳಿದೆ, ಹಣ ಹೋಗಿಲ್ಲ. ಈಗ ಮೇಲ್ ಹುಡುಕಾಟ ಶುರು.

ಹೊಸಬ, ರಾತ್ರಿ 10:02

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇಷ್ಟೆಲ್ಲಾ ಯಾಕೆ? ಬೆಳಿಗ್ಗೆ ಹೋಗಿ ಕೌಂಟರ್‌ನಲ್ಲಿ "ನಮ್ಮ ಹಳೇ ಪಾಸ್‌ವರ್ಡ್ ಏನು" ಅಂತ ಕೇಳಿದರೆ ನೋಡಿ ಹೇಳಲ್ವಾ?

ಕೌಂಟರ್‌ನಾಚೆ, ರಾತ್ರಿ 10:06

ನಮಗೇ ಕಾಣುವುದಿಲ್ಲ. ತೆರೆಯ ಮೇಲೆ ಹೆಸರು, ರೋಗಿ ಸಂಖ್ಯೆ, ಮೇಲ್‌ನ ಮೊದಲೆರಡು ಅಕ್ಷರ, ಫೋನಿನ ಕೊನೆಯ ನಾಲ್ಕು ಅಂಕಿ, ಅಷ್ಟೇ. ಎಷ್ಟೋ ಹಿರಿಯರು ನಂಬುತ್ತಲೇ ಇರಲಿಲ್ಲ. "ನೋಡಮ್ಮ, ಸ್ವಲ್ಪ ಚೆನ್ನಾಗಿ ನೋಡು" ಅಂತ ಕತ್ತು ಚಾಚುತ್ತಿದ್ದರು.

ಕೋಡ್‌ಗೂಬೆ, ರಾತ್ರಿ 10:15

ಅವರಿಗೆ ಮಾತ್ರ ಅಲ್ಲ, ಇಂಥ ಸೈಟ್ ಮಾಡುವ ನಮಗೂ ಕಾಣಲ್ಲ. ಪಾಸ್‌ವರ್ಡನ್ನು ಹಾಗೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಲೆಕ್ಕದ ಗಿರಣಿಗೆ ಹಾಕಿ ಪುಡಿ ಮಾಡಿ, ಆ ಪುಡಿಯನ್ನು ಇಟ್ಟುಕೊಳ್ಳುತ್ತೇವೆ. ಅದಕ್ಕೆ ಹ್ಯಾಶ್ ಅಂತೀವಿ. ನೀವು ಮುಂದಿನ ಸಲ ಪಾಸ್‌ವರ್ಡ್ ಟೈಪ್ ಮಾಡಿದಾಗ ಅದನ್ನೂ ಪುಡಿ ಮಾಡಿ, ಎರಡೂ ಪುಡಿ ಒಂದೇನಾ ಅಂತ ನೋಡ್ತೀವಿ. ಪುಡಿಯಿಂದ ಕಾಳು ವಾಪಸ್ ಬರಲ್ಲ.

ಇದು ಹೊಸದೇನಲ್ಲ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅನ್ನೋ ಕಂಪ್ಯೂಟರ್ ತಜ್ಞರು ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂಗೆ ಇಂಥ ವ್ಯವಸ್ಥೆಯನ್ನು 1979ರಲ್ಲೇ ವಿವರಿಸಿ ಬರೆದಿದ್ದಾರೆ. ಒಂದೇ ಪಾಸ್‌ವರ್ಡ್ ಇಟ್ಟುಕೊಂಡ ಇಬ್ಬರ ಪುಡಿಯೂ ಬೇರೆ ಬೇರೆ ಕಾಣಲಿ ಅಂತ ಜೊತೆಗೆ ಸೇರಿಸೋ ಒಂದು ಚಿಟಿಕೆ ಅಕ್ಷರಗಳಿಗೆ 'ಸಾಲ್ಟ್' ಅಂತ ಹೆಸರು, ಅದೂ ಆಗಿನದ್ದೇ. ಅದಕ್ಕೂ ಮುಂಚೆ, 1962ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹಲವರು ಹಂಚಿಕೊಂಡು ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಫೈಲ್ ಓದೋ ಹಾಗೇ ಇತ್ತು. ಅಲನ್ ಶೆರ್ ಅನ್ನೋ ಸಂಶೋಧಕ ತನಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದು, ಬೇರೆಯವರ ಪಾಸ್‌ವರ್ಡ್‌ನಲ್ಲಿ ಒಳಗೆ ಹೋಗೋಣ ಅಂತ ಆ ಫೈಲನ್ನೇ ಪ್ರಿಂಟ್ ಹೊಡೆಸಿಕೊಂಡುಬಿಟ್ಟಿದ್ದ!

ಹಾಗಾಗಿ ಯಾವುದಾದರೂ ಸೈಟ್ "ನಿಮ್ಮ ಹಳೇ ಪಾಸ್‌ವರ್ಡ್ ಇದು" ಅಂತ ಮೇಲ್‌ನಲ್ಲಿ ಕಳಿಸಿದರೆ ಖುಷಿಪಡಬೇಡಿ. ಅವರು ಪುಡಿ ಮಾಡದೇ ಇಟ್ಟಿದ್ದಾರೆ ಅಂತ ಅರ್ಥ. ಅದೇ ಪಾಸ್‌ವರ್ಡ್ ಬೇರೆಲ್ಲಿ ಬಳಸಿದ್ದೀರೋ ಅಲ್ಲೆಲ್ಲಾ ಬದಲಿಸಿ.

ಸಂಜೆಮಲ್ಲಿಗೆ, ರಾತ್ರಿ 10:31

ಸಿಕ್ಕಿತು! ಖಾತೆ ತಮ್ಮನ ಮೇಲ್‌ನಲ್ಲಿದೆ. ಅವನು ಎರಡು ವರ್ಷದ ಹಿಂದೆ ಬಂದಿದ್ದಾಗ ಅವನೇ ಮಾಡಿಕೊಟ್ಟಿದ್ದನಂತೆ. ಅದೂ ಅವನ ಆಫೀಸ್ ಮೇಲ್. ಅವನಿರೋ ಕಡೆ ಈಗ ನಡುರಾತ್ರಿ, ಎಬ್ಬಿಸಿದ್ದಕ್ಕೆ ಬೈದ. ಹುಡುಕಿ ನೋಡಿದರೆ "ಹೊಸ ರಿಪೋರ್ಟ್ ಸಿದ್ಧವಾಗಿದೆ" ಅಂತ ಹದಿನಾಲ್ಕು ಮೇಲ್, ಒಂದನ್ನೂ ತೆರೆದಿಲ್ಲ ಮಹಾರಾಯ.

ರೀಸೆಟ್ ಒತ್ತಿದೆ, ಒಂದೇ ಸಲ. ಅರ್ಧ ನಿಮಿಷದಲ್ಲಿ ಅವನಿಗೆ ಲಿಂಕ್ ಬಂತು. ತಕ್ಷಣ ತೆರೆದ. "ಈ ಲಿಂಕ್ ಈಗಾಗಲೇ ಬಳಕೆಯಾಗಿದೆ" ಅಂತಿದೆ. ಯಾರು ಬಳಸಿದರು? ಅವನು ಒಂದೇ ಸಲ ಒತ್ತಿದ್ದು. ಇನ್ನೊಂದು ಕಳಿಸಿದೆ, ಅದೂ ಹಾಗೇ.

ಕೋಡ್‌ಗೂಬೆ, ರಾತ್ರಿ 10:36

ಆಫೀಸ್ ಮೇಲ್ ಅಂದಿರಲ್ಲ, ಅದೇ ಕಾರಣ ಇರಬೇಕು. ಎಷ್ಟೋ ಆಫೀಸುಗಳಲ್ಲಿ ಬಂದ ಮೇಲ್‌ನಲ್ಲಿರೋ ಲಿಂಕ್‌ಗಳನ್ನು ಮೊದಲು ಒಂದು ಯಂತ್ರ ತೆರೆದು ನೋಡುತ್ತದೆ, ವೈರಸ್ ಗಿರಸ್ ಇದೆಯಾ ಅಂತ. ರೀಸೆಟ್ ಲಿಂಕ್ ಒಂದೇ ಸಲಕ್ಕೆ. ಯಂತ್ರ ತೆರೆದ ಕೂಡಲೇ ಅದರ ಆಯುಷ್ಯ ಮುಗೀತು. ಸೈಟ್ ಮಾಡಿದವರು ಲಿಂಕ್ ತೆರೆದ ಮೇಲೆ ಇನ್ನೊಂದು ಬಟನ್ ಇಟ್ಟು, ಅದನ್ನು ಒತ್ತಿದರೆ ಮಾತ್ರ ಬಳಕೆಯಾಯ್ತು ಅಂತ ಬರೆಯಬೇಕಿತ್ತು. ನಮ್ಮ ಕಸುಬಿನವರದ್ದೇ ತಪ್ಪು.

ಅದೇ ಪುಟದಲ್ಲಿ "ಲಿಂಕ್ ಬದಲು ಕೋಡ್ ಕಳಿಸಿ" ಅಂತ ಇದೆಯಾ ನೋಡಿ. ಅಂಕಿಗಳನ್ನು ಯಂತ್ರ ಒತ್ತೋಕಾಗಲ್ಲ. ನಿಮ್ಮ ತಮ್ಮ ಕರೆಯಲ್ಲೇ ಇರಲಿ, ಕೋಡ್ ಓದಿ ಹೇಳಲಿ. ಫಾರ್ವರ್ಡ್ ಮಾಡ್ತಾ ಕೂರಬೇಡಿ, ಸಮಯ ಕಮ್ಮಿ ಇರುತ್ತೆ.

ಸಂಜೆಮಲ್ಲಿಗೆ, ರಾತ್ರಿ 10:44

ಕೋಡ್ ದಾರಿ ಇತ್ತು, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ. ಆರು ಅಂಕಿ ಬಂತು, ಹಾಕಿದೆ, ತಗೊಂಡಿತು. ಈಗ ಅಮ್ಮನ ಹುಟ್ಟಿದ ತಾರೀಖು ಕೇಳ್ತಿದೆ. ಗುರುತಿನ ಚೀಟಿಯಲ್ಲಿರೋದನ್ನೇ ಹಾಕಿದೆ. "ಹೊಂದಿಕೆಯಾಗುತ್ತಿಲ್ಲ. ಇನ್ನು 2 ಪ್ರಯತ್ನ ಉಳಿದಿವೆ." ನನ್ನ ಅಮ್ಮ ಹುಟ್ಟಿದ್ದು ನನಗೇ ಗೊತ್ತಿಲ್ಲ ಅನ್ನುತ್ತೆ ಇದು.

ಕೌಂಟರ್‌ನಾಚೆ, ರಾತ್ರಿ 10:48

ತಡೀರಿ, ಕೈ ತೆಗೆಯಿರಿ. ಇದು ನನಗೆ ಗೊತ್ತಿರುವ ರೋಗ.

ಅದು ಕೇಳುತ್ತಿರುವುದು ನಿಮ್ಮ ಅಮ್ಮ ಹುಟ್ಟಿದ ದಿನವನ್ನಲ್ಲ. ನೋಂದಣಿ ದಿನ ಕೌಂಟರಿನಲ್ಲಿ ಕೂತಿದ್ದವರು ಟೈಪ್ ಮಾಡಿದ ದಿನವನ್ನು. ಮುಂದೆ ಇಪ್ಪತ್ತು ಜನ ನಿಂತಿರುತ್ತಾರೆ, ಬೆರಳು ತಪ್ಪುತ್ತದೆ. ನಾನೂ ತಪ್ಪು ಮಾಡಿದ್ದೇನೆ. ಸಾಮಾನ್ಯವಾಗಿ ಆಗುವುದು ಎರಡು. ದಿನ ತಿಂಗಳು ಅದಲು ಬದಲಾಗಿರುತ್ತದೆ, ಅಥವಾ ವಯಸ್ಸು ಮಾತ್ರ ಕೇಳಿ ಜನವರಿ 1 ಅಂತ ಹಾಕಿರುತ್ತಾರೆ.

ಊಹೆ ಮಾಡಬೇಡಿ. ಹಳೇ ಚೀಟಿ, ಬಿಲ್, ರಿಪೋರ್ಟ್ ಯಾವುದಾದರೂ ಒಂದು ಕಾಗದ ಹುಡುಕಿ. ಮೇಲೆ ಹೆಸರಿನ ಪಕ್ಕ ಅವರು ಬರೆದುಕೊಂಡ ತಾರೀಖು ಇರುತ್ತದೆ.

ಸಂಜೆಮಲ್ಲಿಗೆ, ರಾತ್ರಿ 11:05

ಅಮ್ಮನ ಕನ್ನಡಕದ ಡಬ್ಬಿಯಲ್ಲಿ ಮಡಿಚಿಟ್ಟ ಒಂದು ಬಿಲ್ ಸಿಕ್ಕಿತು. ಮಡಿಕೆಯ ಮೇಲೆ ಶಾಯಿ ಮಾಸಿದೆ, ಟಾರ್ಚ್ ಹಿಡಿದು ಓದಿದೆ. ಅಮ್ಮ ಹುಟ್ಟಿದ್ದು ಆಗಸ್ಟ್ 5. ಬಿಲ್‌ನಲ್ಲಿ 08-05 ಅಂತಿದೆ. ಅಂದರೆ ಅವರ ಲೆಕ್ಕದಲ್ಲಿ ಮೇ 8.

ಮೇ 8 ಹಾಕಿದೆ. ತೆರೆಯಿತು!!

ಅಮ್ಮನಿಗೆ ಹೇಳಿದರೆ "ಮೂರು ತಿಂಗಳು ದೊಡ್ಡವಳಾದೆ" ಅಂದರು.

ಗಡಿಬಿಡಿ, ರಾತ್ರಿ 11:06

ಅಬ್ಬಾ! ಬಾಯಿ ಮುಚ್ಚಿಕೊಂಡು ಓದ್ತಾ ಇದ್ದೆ, ಇದಕ್ಕೆ ಮಾತ್ರ ತೆರೆದೆ.

ಸಂಜೆಮಲ್ಲಿಗೆ, ರಾತ್ರಿ 11:14

ಮುಗಿದಿಲ್ಲ. ಹೊಸ ಪಾಸ್‌ವರ್ಡ್ ಇಡೋಕೆ ಐದು ಷರತ್ತು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ, ಜೊತೆಗೆ ಹಿಂದಿನ ಮೂರರ ಥರ ಇರಬಾರದು. ಹಿಂದಿನ ಮೂರು ನೆನಪಿದ್ದಿದ್ದರೆ ನಾನಿಲ್ಲಿ ಯಾಕೆ ಬರ್ತಿದ್ದೆ? ಹೇಗೋ ಒಂದು ಇಟ್ಟೆ. ರಿಪೋರ್ಟ್ ಇಳಿಸಿಕೊಂಡೆ. ತೆರೆದರೆ ಆ ಪಿಡಿಎಫ್‌ಗೂ ಪಾಸ್‌ವರ್ಡ್! ಹೆಸರಿನ ಮೊದಲ ನಾಲ್ಕು ಅಕ್ಷರ, ಜೊತೆಗೆ ಹುಟ್ಟಿದ ದಿನ ಮತ್ತು ತಿಂಗಳು ಅಂತ ಸೂಚನೆ ಇತ್ತು. ಸುಳ್ಳು ತಾರೀಖೇ ಇಲ್ಲೂ ನಡೀತು. ಒಂಬತ್ತು ರಿಪೋರ್ಟ್ ಕೈಯಲ್ಲಿವೆ. ಈಗ ಉಸಿರು ಬಂತು.

ಕೋಡ್‌ಗೂಬೆ, ರಾತ್ರಿ 11:27

ಸಂತೋಷ. ಆ ಷರತ್ತುಗಳ ಕಥೆ ಹೇಳ್ಲೇಬೇಕು. ಚಿಹ್ನೆ ಇರಲಿ, ದೊಡ್ಡಕ್ಷರ ಇರಲಿ, ಆಗಾಗ ಬದಲಿಸಿ ಅನ್ನೋ ಉಪದೇಶ ಹಬ್ಬಿದ್ದು ಅಮೆರಿಕದ ಎನ್‌ಐಎಸ್‌ಟಿ ಅನ್ನೋ ಸರ್ಕಾರಿ ಮಾನದಂಡ ಸಂಸ್ಥೆಗಾಗಿ ಬಿಲ್ ಬರ್ ಅನ್ನೋರು 2003ರಲ್ಲಿ ಬರೆದ ಮಾರ್ಗಸೂಚಿಯಿಂದ. 2017ರಲ್ಲಿ ಅವರೇ, ಆಗ ಬರೆದದ್ದರಲ್ಲಿ ಬಹುಪಾಲಿಗೆ ಈಗ ವಿಷಾದ ಇದೆ ಅಂದರು. ಅದೇ ವರ್ಷ ಎನ್‌ಐಎಸ್‌ಟಿ ಹೊಸ ಮಾರ್ಗಸೂಚಿ ತಂತು. ಸುಮ್ಮಸುಮ್ಮನೆ ತಿಂಗಳಿಗೊಮ್ಮೆ ಬದಲಿಸಲು ಹೇಳಬೇಡಿ, ಸೋರಿದೆ ಅಂತ ಗೊತ್ತಾದರೆ ಬದಲಿಸಿ. ಚಿಹ್ನೆಗಳಿಗಾಗಿ ಪೀಡಿಸಬೇಡಿ, ಉದ್ದ ಇರಲಿ. ನಕಲು ಮಾಡಿ ಅಂಟಿಸಲು ಬಿಡಿ.

ಜನ ಮಾಡೋದು ಏನು ಅಂದರೆ, ಚಿಹ್ನೆ ಕೇಳಿದರೆ ಕೊನೆಗೊಂದು ಆಶ್ಚರ್ಯಸೂಚಕ ಹಾಕ್ತಾರೆ. ಬದಲಿಸು ಅಂದರೆ 1 ಇದ್ದದ್ದು 2 ಆಗುತ್ತೆ. ಕಳ್ಳರಿಗೂ ಅದು ಗೊತ್ತು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಸೇರಿಸಿ, ನೆನಪಿಗೂ ಸುಲಭ, ಊಹಿಸೋಕೂ ಕಷ್ಟ. ಆದರೆ ಎಷ್ಟೋ ಆರೋಗ್ಯ ಸೈಟ್‌ಗಳು ಇನ್ನೂ 2003ರಲ್ಲೇ ಇವೆ, ಏನು ಮಾಡೋದು.

ಹಳೇಕೀಲಿ, ರಾತ್ರಿ 11:33

ಭದ್ರತಾ ಪ್ರಶ್ನೆ ಕೇಳಿತಾ? "ನಿಮ್ಮ ಮೊದಲ ಶಾಲೆ ಯಾವುದು" ಥರ? ಕೇಳಿದರೆ ನಿಜ ಬರೆಯಬೇಡಿ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪಾಲಿನ್ ಅವರ ಮೇಲ್‌ಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ್ದು ಹೀಗೇ. ಹುಟ್ಟಿದ ದಿನ, ಪಿನ್ ಕೋಡ್, ಗಂಡನನ್ನು ಮೊದಲು ಭೇಟಿಯಾದ ಜಾಗ. ಉತ್ತರ ಎಲ್ಲಾ ಇಂಟರ್ನೆಟ್ಟಿನಲ್ಲೇ ಇತ್ತು. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇರಲಿ, ಮರೆತಾಗ ಬರೋ ಹಿತ್ತಲ ಬಾಗಿಲು ತೆರೆದಿದ್ದರೆ ಏನು ಪ್ರಯೋಜನ. ಏನಾದರೂ ಸುಳ್ಳು ಬರೆದು, ಆ ಸುಳ್ಳನ್ನು ಪಾಸ್‌ವರ್ಡ್ ಜೊತೆಗೇ ಬರೆದಿಟ್ಟುಕೊಳ್ಳಿ.

ಇನ್ನೊಂದು, ಅಮ್ಮನ ಫೋನಿನಲ್ಲಿ ಆ ಆಸ್ಪತ್ರೆಯ ಆಪ್ ಇದ್ದರೆ ಒಮ್ಮೆ ಲಾಗೌಟ್ ಮಾಡಿ ಹೊಸದು ಹಾಕಿ. ಇಲ್ಲದಿದ್ದರೆ ಅದು ಹಳೇದನ್ನೇ ಹಾಕ್ತಾ ಹಾಕ್ತಾ ಮತ್ತೆ ಲಾಕ್ ಮಾಡಿಸುತ್ತೆ.

ನಿವೃತ್ತ ಮೇಷ್ಟ್ರು, ರಾತ್ರಿ 11:52

ನಿದ್ದೆ ಬಾರದೆ ಎಲ್ಲವನ್ನೂ ಓದಿದೆ. ನನಗೆ 74. ನಿಮ್ಮ ಕಡೆಯ ಮಾತೆಲ್ಲ ಆಯಿತು, ಆ ತಾಯಿಯ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನನ್ನ ಆರೋಗ್ಯದ ಖಾತೆ ನನ್ನ ಮಗನ ಮೇಲ್‌ನಲ್ಲಿದೆ. ಪ್ರೀತಿಯಿಂದಲೇ ಮಾಡಿಕೊಟ್ಟ. ರಿಪೋರ್ಟ್ ಬಂದರೆ ನನಗಿಂತ ಮುಂಚೆ ಅವನು ಓದಿ ಫೋನ್ ಮಾಡುತ್ತಾನೆ. "ಅಪ್ಪಾ, ಸಕ್ಕರೆ ಜಾಸ್ತಿಯಾಗಿದೆ." ಅದರಲ್ಲೇ ಡಾಕ್ಟರಿಗೆ ಸಂದೇಶ ಬರೆಯುವ ಸೌಲಭ್ಯ ಇದೆ. ಕಳೆದ ವರ್ಷ ನನಗೆ ಮೂತ್ರದ ತೊಂದರೆ ಶುರುವಾಯಿತು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದೆ. ಡಾಕ್ಟರಿಗೆ ಬರೆಯೋಣ ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಮಗ ಓದುತ್ತಾನೆ, ಸೊಸೆಗೂ ಗೊತ್ತಾಗುತ್ತದೆ ಅನ್ನೋ ಸಂಕೋಚ. ಮೂರು ತಿಂಗಳು ಸುಮ್ಮನಿದ್ದೆ.

ಮಕ್ಕಳು ಸಹಾಯ ಮಾಡಬಾರದು ಅಂತ ಅಲ್ಲ. ನನ್ನ ಬಾಗಿಲಿಗೆ ನನ್ನ ಹತ್ತಿರವೂ ಒಂದು ಬೀಗದ ಕೈ ಇರಲಿ ಅಂತ, ಅಷ್ಟೇ. ಪಾಸ್‌ವರ್ಡ್ ಮರೆತುಹೋಗುತ್ತದೆ ಅನ್ನುವುದಾದರೆ ಬರೆದಿಟ್ಟುಕೊಳ್ಳುತ್ತೇನೆ. ನನ್ನ ಕಪಾಟಿನ ಡೈರಿಯನ್ನು ಓದಲು ಕಳ್ಳ ಮನೆಗೇ ಬರಬೇಕು.

ಸಂಜೆಮಲ್ಲಿಗೆ, ರಾತ್ರಿ 11:58

ಮೇಷ್ಟ್ರೇ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಇವತ್ತು ರಾತ್ರಿ ಪೂರ್ತಿ "ಯಾರ ಮೇಲ್" ಅಂತ ಹುಡುಕಿದೆ. ಅಮ್ಮನ ಮೇಲ್ ಯಾಕಲ್ಲ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ನೀವು ಈಗ ಆರಾಮಾ?

ನಿವೃತ್ತ ಮೇಷ್ಟ್ರು, ರಾತ್ರಿ 12:03

ಆರಾಮ. ಪ್ರಾಸ್ಟೇಟ್ ದೊಡ್ಡದಾಗಿತ್ತು, ಮಾತ್ರೆಯಲ್ಲಿ ಹತೋಟಿಗೆ ಬಂತು. ಈಗ ರಾತ್ರಿ ಏಳುವುದು ಒಂದೇ ಸಲ, ಇಂದು ಮಾತ್ರ ನಿಮ್ಮಿಂದ ಎರಡು.

ಕೌಂಟರ್‌ನಾಚೆ, ರಾತ್ರಿ 12:10

ಮೇಷ್ಟ್ರು ಹೇಳಿದ್ದಕ್ಕೆ ದಾರಿ ಇದೆ. ತುಂಬಾ ಆಸ್ಪತ್ರೆಗಳಲ್ಲಿ "ಆರೈಕೆದಾರರ ಪ್ರವೇಶ" ಅಂತ ಒಂದು ಫಾರ್ಮ್ ಇರುತ್ತದೆ. ಅಮ್ಮನ ಖಾತೆ ಅಮ್ಮನದೇ, ಅವರ ಪಾಸ್‌ವರ್ಡ್ ಅವರಿಗೇ. ಮಗಳು ತನ್ನದೇ ಲಾಗಿನ್‌ನಿಂದ ಒಳಗೆ ಬರುತ್ತಾಳೆ. ಏನು ನೋಡಬಹುದು ಅನ್ನೋದನ್ನು ಅಮ್ಮನೇ ಹೇಳಬಹುದು, ರಿಪೋರ್ಟ್ ನೋಡಲಿ, ಸಂದೇಶ ಬೇಡ ಅಂತ. ಎಲ್ಲಾ ಕಡೆ ಅಷ್ಟು ವಿಂಗಡಣೆ ಇರುವುದಿಲ್ಲ, ಕೇಳಿ ನೋಡಿ. ಅಮ್ಮ ಸಹಿ ಹಾಕಬೇಕು, ಬೇಡ ಅನಿಸಿದ ದಿನ ತೆಗೆಸಬಹುದು.

ಹೋದಾಗ ಮೂರು ಕೆಲಸ ಒಟ್ಟಿಗೆ ಮುಗಿಸಿ. ಹುಟ್ಟಿದ ತಾರೀಖು ತಿದ್ದಿಸಿ, ಇಲ್ಲದಿದ್ದರೆ ಅದು ಇನ್ನೆಲ್ಲೋ ವಿಮೆ ಕಾಗದದಲ್ಲಿ ಕಾಡುತ್ತದೆ. ಮೇಲ್ ಬದಲಿಸಿ, ತಮ್ಮ ನಾಳೆ ಕೆಲಸ ಬಿಟ್ಟರೆ ಆ ಮೇಲ್ ಅವತ್ತೇ ಮುಚ್ಚುತ್ತದೆ. ಆಮೇಲೆ ಫೋನ್ ನಂಬರ್ ನೋಡಿ. ಬಿಟ್ಟ ನಂಬರನ್ನು ಸ್ವಲ್ಪ ಕಾಲದ ಮೇಲೆ ಕಂಪನಿಯವರು ಇನ್ಯಾರಿಗೋ ಕೊಡುತ್ತಾರೆ. ನಿಮ್ಮ ಅಮ್ಮನ ಕೋಡ್ ಆಗ ಗುರುತು ಪರಿಚಯ ಇಲ್ಲದವರ ಜೇಬಿನಲ್ಲಿ ಕಿಣಿ ಅನ್ನುತ್ತದೆ.

ಹೊಸಬ, ರಾತ್ರಿ 12:14

ಮಲಗೋ ಮುಂಚೆ ಒಂದು. ನನ್ನ ಆರೋಗ್ಯ ಖಾತೆಗೆ ಕೋಡ್ ಕೊಡೋ ಆಪ್ ಇದೆ. ಸರಿಯಾಗೇ ಹಾಕಿದರೂ ತಪ್ಪು ಅನ್ನುತ್ತೆ.

ಕೋಡ್‌ಗೂಬೆ, ರಾತ್ರಿ 12:17

ಫೋನಿನ ಗಡಿಯಾರ ನೋಡಿ. ಸಮಯವನ್ನೇ ಲೆಕ್ಕ ಹಾಕಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಕೋಡ್ ಹುಟ್ಟುತ್ತೆ. ಗಡಿಯಾರ ಒಂದೆರಡು ನಿಮಿಷ ಹಿಂದೆ ಮುಂದೆ ಇದ್ದರೆ ಕೋಡ್ ತಪ್ಪು. ಸೆಟ್ಟಿಂಗ್ಸ್‌ನಲ್ಲಿ ಸಮಯ ತಾನಾಗೇ ಹೊಂದಿಸಿಕೊಳ್ಳಲಿ ಅಂತ ಇಡಿ. ಆಪ್ ಹಾಕುವಾಗ ಕೊಟ್ಟ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟಿದ್ದೀರಾ? ಅದೇ ಫೋನಿನಲ್ಲಿ ಫೋಟೋ ಅಂತ ಹೇಳಬೇಡಿ.

ಹೊಸಬ, ರಾತ್ರಿ 12:19

ಗಡಿಯಾರ ನಾಲ್ಕು ನಿಮಿಷ ಮುಂದಿತ್ತು, ಆಫೀಸಿಗೆ ತಡ ಆಗಬಾರದು ಅಂತ ನಾನೇ ಇಟ್ಟಿದ್ದು. ಸರಿ ಹೋಯ್ತು. ಫೋಟೋ ವಿಷಯ ಕೇಳಬೇಡಿ.

ಸಂಜೆಮಲ್ಲಿಗೆ, ಮರುದಿನ ಮಧ್ಯಾಹ್ನ 2:35

ಹೊಸ ಡಾಕ್ಟರು ಒಂಬತ್ತು ರಿಪೋರ್ಟನ್ನೂ ಸಾಲಾಗಿ ಮೇಜಿನ ಮೇಲೆ ಹರಡಿಕೊಂಡರು. ಕ್ರಿಯಾಟಿನಿನ್ ಸಾಲಿನ ಮೇಲೆ ಪೆನ್ನಿನ ತುದಿ ಓಡಿಸಿದರು. ನಿಧಾನಕ್ಕೆ ಏರಿದೆ, ಒಂದೇ ಸಲಕ್ಕೆ ಅಲ್ಲ ಅಂದರು. ಒಂದು ನೋವಿನ ಮಾತ್ರೆ ನಿಲ್ಲಿಸಿದ್ದಾರೆ, ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಇವತ್ತಿನ ಒಂದೇ ರಿಪೋರ್ಟ್ ಇದ್ದಿದ್ದರೆ ಹೀಗೆ ಹೇಳೋಕಾಗ್ತಿರಲಿಲ್ಲವಂತೆ.

ಅಲ್ಲಿಂದ ಹಳೇ ಆಸ್ಪತ್ರೆಗೆ ಹೋದೆವು. ತಾರೀಖು ತಿದ್ದಿಸಿದೆವು. ಅಮ್ಮನ ಹೆಸರಿನಲ್ಲಿ ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಮೇಲ್ ತೆರೆದೆ. ಆರೈಕೆದಾರರ ಫಾರ್ಮ್ ಕೊಟ್ಟರು. "ಸಂದೇಶಗಳನ್ನು ಓದಲು ಅನುಮತಿ" ಅನ್ನೋ ಚೌಕದ ಮುಂದೆ ಅಮ್ಮನ ಪೆನ್ನು ಸ್ವಲ್ಪ ಹೊತ್ತು ನಿಂತಿತು. ನಾನು ಆ ಕಡೆ ತಿರುಗಿ ನಿಂತೆ. ಆ ಚೌಕಕ್ಕೆ ಟಿಕ್ ಹಾಕಲಿಲ್ಲ ಅಂತ ಆಮೇಲೆ ಕೌಂಟರಿನವರು ಫಾರ್ಮ್ ಓದಿ ಹೇಳಿದಾಗ ಗೊತ್ತಾಯ್ತು.

ಹೊಸ ಪಾಸ್‌ವರ್ಡ್ ಅಮ್ಮನೇ ಇಟ್ಟರು. ಒಂದೊಂದೇ ಅಕ್ಷರ ಹುಡುಕಿ ಒತ್ತಲು ಹತ್ತು ನಿಮಿಷ ಹಿಡೀತು. ಮನೆಗೆ ಬಂದು ಯಾವುದೋ ಪುಸ್ತಕದಲ್ಲಿ ಬರೆದು ಒಳಗಿಟ್ಟರು. ಏನಿಟ್ಟೆ ಅಂತ ಕೇಳಿದೆ.

"ನಿನಗ್ಯಾಕೆ?" ಅಂದರು.